ಗುಂಡಿ ಒತ್ತುವ ಮುಂಚಿನ ಉಸಿರು

"ಯಾರಾದ್ರೂ ಇದ್ದೀರಾ? ಬಾಗಿಲು ತೆಗೀರಿ!"

ಲಿಫ್ಟಿನ ಗೋಡೆಗೆ ಬಡಿದೂ ಬಡಿದೂ ಅವಳ ಅಂಗೈ ಕೆಂಪಾಗಿತ್ತು. ಆಸ್ಪತ್ರೆಯ ಆ ಹಳೆಯ ಲಿಫ್ಟು ಎರಡು ಮಹಡಿಗಳ ನಡುವೆ ಉಸಿರುಗಟ್ಟಿ ನಿಂತುಬಿಟ್ಟಿತ್ತು. ಅವಳ ಕೈಯಲ್ಲಿ ಐಸ್ ಡಬ್ಬಿ, ಅದರೊಳಗೆ ರೋಗಿಗಳ ರಕ್ತದ ಮಾದರಿಗಳು. ಐಸು ಕರಗುತ್ತಿತ್ತು. ಅವಳ ತಾಳ್ಮೆಯೂ!

ತಲೆಯ ಮೇಲೆ, ಬಾಗಿಲಿನ ಸಂದಿಯಲ್ಲಿ, ಒಂದು ಜೊತೆ ಬೂಟು ಕಾಣಿಸಿತು.

ಅಬ್ಬಾ... ಯಾರೋ ಬಂದರು!

"ರೀ! ಸ್ವಲ್ಪ ಬೇಗ ತೆಗೀರಿ!"

ಬೂಟು ಅಲ್ಲಾಡಲಿಲ್ಲ.

"ರೀ ಬೂಟು! ನಿಮಗೇ ಹೇಳ್ತಿರೋದು! ಕಿವುಡರಾ ನೀವು?"

ಮಾತು ಬಾಯಿಂದ ಬಿದ್ದದ್ದೇ ಅವಳು ನಾಲಿಗೆ ಕಚ್ಚಿಕೊಂಡಳು. ಜಗತ್ತಿನಲ್ಲಿ ಯಾರಾದರೂ ಆ ಮಾತು ಆಡಬಹುದಿತ್ತು, ಅವಳು ಆಡಬಾರದಿತ್ತು. ಅವಳು ಅದೇ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಕಿವಿಯ ಸಂಶೋಧಕಿ. ಜನ ಯಾಕೆ ಕಿವುಡಾಗುತ್ತಾರೆ, ಅದನ್ನು ತಡೆಯುವುದು ಹೇಗೆ ಎಂದು ಹುಡುಕುವುದೇ ಅವಳ ಕೆಲಸ.

ಬೂಟು ಬಗ್ಗಿತು. ಸಂದಿಯಲ್ಲಿ ಒಂದು ಮುಖ ಇಳಿಯಿತು. ಬಾಯಲ್ಲಿ ಟಾರ್ಚು, ಹಣೆಯ ಮೇಲೆ ಗ್ರೀಸು. ಟಾರ್ಚು ತೆಗೆದು ಅವನು ನಕ್ಕ.

"ಎಡಗಡೆ ಅಂಗಡಿ ಮುಚ್ಚಿ ವರ್ಷ ಆಯ್ತು ಮೇಡಂ. ಬಲಗಡೆ ವ್ಯಾಪಾರ ಇನ್ನೂ ನಡೀತಿದೆ. ಸ್ವಲ್ಪ ಈ ಕಡೆ ಬಂದು ಬೈರಿ."

ಅವಳಿಗೆ ಆ ಲಿಫ್ಟು ಹಾಗೇ ಪಾತಾಳಕ್ಕೆ ಇಳಿದುಬಿಡಲಿ ಅನ್ನಿಸಿತು.

ಅವನು ಲಿಫ್ಟ್ ಮೆಕ್ಯಾನಿಕ್. ಬಲಗಿವಿಯನ್ನು ಕಂಬಿಗೆ ಒತ್ತಿ ಒಂದು ಕ್ಷಣ ಆಲಿಸಿದ, ಮೇಲೆ ಹೋಗಿ ಏನನ್ನೋ ತಿರುಗಿಸಿದ. ಲಿಫ್ಟು ಒಂದು ಗೇಣು ಕುಲುಕಿ ಮೇಲೇರಿತು. ಅವನು ಕೈ ಚಾಚಿದ. ಅವಳು ಮೊದಲು ಐಸ್ ಡಬ್ಬಿ ಕೊಟ್ಟಳು, ಆಮೇಲೆ ಕೈ ಕೊಟ್ಟಳು.

"ಕ್ಷಮಿಸಿ... ನಾನು ಹಾಗೆ ಅನ್ನಬಾರದಿತ್ತು."

"ನಿಜ ಹೇಳಿದ್ದಕ್ಕೆ ಯಾರು ಕ್ಷಮೆ ಕೇಳ್ತಾರೆ ಬಿಡಿ."

"ಎಡಗಿವಿ ಹೇಗೆ ಹೋಯ್ತು? ಪೆಟ್ಟು ಬಿತ್ತಾ?"

"ಪೆಟ್ಟೂ ಇಲ್ಲ, ಜ್ವರಾನೂ ಇಲ್ಲ. ಕೆಲವು ತಿಂಗಳಲ್ಲಿ ಮೆಲ್ಲಗೆ ಎದ್ದು ಹೋಯ್ತು. ಹೇಳಿಯೂ ಹೋಗ್ಲಿಲ್ಲ." ಅವನು ಇನ್ನೂ ನಗುತ್ತಿದ್ದ. "ಈಗ ಬಲಗಡೇದೂ ಚೀಲ ಕಟ್ಟಿಕೊಳ್ತಾ ಇದೆ ಅಂತ ಅನುಮಾನ."

ಅವಳು ನಗಲಿಲ್ಲ. ಆ ಕಾಯಿಲೆ ಅವಳಿಗೆ ಚೆನ್ನಾಗಿ ಗೊತ್ತಿತ್ತು. ದೇಹ ತನ್ನದೇ ಕಿವಿಯನ್ನು ಶತ್ರು ಎಂದು ತಿಳಿದು ಒಳಗಿನಿಂದ ತಿನ್ನುವ ಕಾಯಿಲೆ. ಒಂದು ಕಿವಿ ಮುಗಿಸಿ ಇನ್ನೊಂದಕ್ಕೆ ಬರುತ್ತದೆ. ಅದನ್ನು ತಡೆಯಬಹುದಾದ ಹೊಸ ಮಾತ್ರೆಯೊಂದರ ಅಧ್ಯಯನವೇ ಅವಳ ಎರಡು ವರ್ಷದ ಬದುಕು.

"ನಾಳೆ ಮೂರನೇ ಮಹಡಿಗೆ ಬನ್ನಿ," ಎಂದಳು.

"ಬೈದಿದ್ದಕ್ಕೆ ಪರಿಹಾರಾನಾ?"

"ಅಲ್ಲ. ಆ ಚೀಲ ಬಿಚ್ಚಿಸೋಕೆ ಆಗುತ್ತಾ ಅಂತ ನೋಡೋಣ."

*

ಮೂರನೇ ಮಹಡಿಯ ಕೊನೆಯಲ್ಲಿ ಅವಳ ಪರೀಕ್ಷಾ ಕೋಣೆ. ಕೋಣೆಯೊಳಗೊಂದು ಪುಟ್ಟ ಕೋಣೆ, ಗೋಡೆಗಳಿಗೆಲ್ಲ ದಪ್ಪ ಸ್ಪಂಜು. ಒಳಗೆ ಒಂದು ಕುರ್ಚಿ, ಒಂದು ಹೆಡ್‌ಫೋನು, ಕೈಗೊಂದು ಗುಂಡಿ. ಸದ್ದು ಕೇಳಿಸಿದರೆ ರೋಗಿ ಗುಂಡಿ ಒತ್ತಬೇಕು. ಗಾಜಿನ ಈಚೆ ಅವಳ ಮೇಜು, ಯಂತ್ರ. ಅವಳು ಇಲ್ಲಿ ಗುಂಡಿ ಒತ್ತಿದರೆ ಅಲ್ಲಿ ಸದ್ದು. ಅವನು ಅಲ್ಲಿ ಒತ್ತಿದರೆ ಇಲ್ಲಿ ಹಸಿರು ದೀಪ.

ಇಷ್ಟೇ. ಒಬ್ಬ ಮನುಷ್ಯನ ಕಿವಿ ಎಷ್ಟು ಉಳಿದಿದೆ ಎನ್ನುವುದು ಆ ದೀಪ ಎಷ್ಟು ಸಲ ಹೊತ್ತಿತು ಎನ್ನುವುದರಲ್ಲಿ ತೀರ್ಮಾನವಾಗುತ್ತಿತ್ತು.

"ಈ ಮಾತ್ರೆ ಕೆಲಸ ಮಾಡುತ್ತೋ ಇಲ್ವೋ ನಮಗೂ ಗೊತ್ತಿಲ್ಲ," ಎಂದು ಅವಳು ಮೊದಲೇ ಹೇಳಿದ್ದಳು. "ಪ್ರತಿ ತಿಂಗಳು ಪರೀಕ್ಷೆ. ಪರೀಕ್ಷೆಯ ಹಾಳೆಯಲ್ಲಿ ಕಿವಿಯ ಗೆರೆ ತೀರಾ ಇಳಿದರೆ ಅವತ್ತೇ ಮಾತ್ರೆ ನಿಲ್ಲಿಸಿ, ಕಿವಿಯೊಳಗೆ ಚುಚ್ಚುಮದ್ದು ಶುರು ಮಾಡ್ತೀವಿ. ಅದು ಬೇರೆ ಡಾಕ್ಟರ ಕೈಗೆ, ಬೇರೆ ಕಟ್ಟಡ. ತಡ ಆದ್ರೆ ಅದೂ ಪ್ರಯೋಜನ ಇಲ್ಲ. ಅರ್ಥ ಆಯ್ತಾ?"

"ಆಯ್ತು. ಇಳಿದ್ರೆ ನಿಮ್ಮ ಕಟ್ಟಡದಿಂದ ಹೊರಗೆ ಹಾಕ್ತೀರಿ."

"ಹಾಗಲ್ಲ..."

"ತಮಾಷೆಗೆ ಹೇಳ್ದೆ ಡಾಕ್ಟರಮ್ಮ. ಮುಖ ಹಾಗೆ ಮಾಡ್ಬೇಡಿ."

ಕುರ್ಚಿ ಗೋಡೆಗೆ ಮುಖ ಮಾಡಿರಬೇಕು. ಅದು ನಿಯಮ. ರೋಗಿಗೆ ಪರೀಕ್ಷಕರ ಮುಖ, ಕೈ ಏನೂ ಕಾಣಬಾರದು. ಅವನು ಮೊದಲ ದಿನ ಗೋಡೆ ನೋಡುತ್ತ ಕುಳಿತವನು ತಿರುಗಿ ಹೇಳಿದ:

"ಶಾಲೇಲಿ ತಪ್ಪು ಮಾಡಿದ್ರೆ ಹೀಗೇ ಕೂರಿಸ್ತಿದ್ರು. ನಾನೇನು ತಪ್ಪು ಮಾಡಿದೆ ಮೇಡಂ?"

ಅವಳಿಗೆ ನಗು ಬಂತು. ಎದ್ದು ಒಳಗೆ ಹೋಗಿ ಕುರ್ಚಿಯನ್ನು ಗಾಜಿನ ಕಡೆ ತಿರುಗಿಸಿದಳು.

*ನನ್ನ ಕೈ ಮೇಜಿನ ಮರೆಯಲ್ಲೇ ಇರುತ್ತಲ್ಲ... ಏನಾಗುತ್ತೆ ಮಹಾ!*

ಏನಾಯಿತು ಎಂದು ತಿಳಿಯುವ ಹೊತ್ತಿಗೆ ವರ್ಷ ತುಂಬುತ್ತ ಬಂದಿತ್ತು.

*

ಆ ವರ್ಷ ಆಸ್ಪತ್ರೆಯ ಲಿಫ್ಟಿಗೆ ಸಿಕ್ಕ ಆರೈಕೆ ಅಲ್ಲಿನ ಯಾವ ರೋಗಿಗೂ ಸಿಗಲಿಲ್ಲ. ಕೆಟ್ಟಿರಲಿ, ಕೆಡದಿರಲಿ, ವಾರಕ್ಕೊಮ್ಮೆ ಅವನು ಹಾಜರು. ಕೆಲಸ ಮುಗಿಸಿ ಹಿಂಬದಿಯ ಮೆಟ್ಟಿಲಿಗೆ ಬಂದು ಕೂರುವನು. ಅವಳು ಎರಡು ಲೋಟ ಟೀ ಹಿಡಿದು ಬರುವಳು.

"ನಿಮ್ಮ ಲಿಫ್ಟಿಗೆ ಇನ್ನು ಜಾತಕ ಬರೆಸೋದೊಂದು ಬಾಕಿ," ಎನ್ನುವರು ಪರೀಕ್ಷಾ ಕೋಣೆಯ ಟೆಕ್ನಿಷಿಯನ್. ಕೂದಲು ಪೂರ್ತಿ ನರೆತ ಅವರನ್ನು ಇಡೀ ಮಹಡಿ 'ಚಿಕ್ಕಮ್ಮ' ಎಂದೇ ಕರೆಯುತ್ತಿತ್ತು. "ಇಷ್ಟು ಸಲ ನನ್ನ ಗಂಡ ನನ್ನ ತವರಿಗೆ ಬಂದಿದ್ರೆ ಮದುವೆ ಖರ್ಚಾದ್ರೂ ವಸೂಲಿ ಆಗ್ತಿತ್ತು."

"ಚಿಕ್ಕಮ್ಮ!" ಅವಳು ಕೆಂಪಾಗುವಳು.

ಅವನು ಸದ್ದುಗಳ ಬಗ್ಗೆ ಹೇಳುತ್ತಿದ್ದ. ಸವೆಯಲು ಶುರುವಾದ ಹಗ್ಗ ಹೇಗೆ ಗುಯ್‌ಗುಡುತ್ತದೆ, ಎಣ್ಣೆ ಆರಿದ ರಾಟೆ ಹೇಗೆ ನರಳುತ್ತದೆ. ಕಿವಿಯಿಂದಲೇ ಅನ್ನ ತಿನ್ನುವ ಮನುಷ್ಯ. ಒಂಟಿ ಕಿವಿಯಲ್ಲಿ ಅವನ ಕೆಲಸ ಹೇಗೋ ನಡೆಯುತ್ತಿತ್ತು. ಅದೂ ಹೋದರೆ?

ಆದರೆ ಹೋಗುತ್ತಿರಲಿಲ್ಲ! ತಿಂಗಳು ತಿಂಗಳಿಗೂ ಅವನ ಗೆರೆ ನಿಂತಲ್ಲೇ ನಿಂತಿತ್ತು. ನಡುವೆ ಒಂದು ತಿಂಗಳು ಕೊಂಚ ಮೇಲಕ್ಕೂ ಏರಿತು. ಅವತ್ತು ಹಸಿರು ದೀಪ ಹೊತ್ತಿದಾಗೆಲ್ಲ ಅವಳ ಮುಖ ಅದಕ್ಕಿಂತ ಹೆಚ್ಚು ಬೆಳಗಿತು. ಇಡೀ ಅಧ್ಯಯನದಲ್ಲಿ ಅಷ್ಟು ಚೆಂದದ ಗೆರೆ ಬೇರೊಂದಿರಲಿಲ್ಲ. ಅವಳು ಮನಸ್ಸಿನಲ್ಲೇ ಅಂದುಕೊಂಡಳು... *ಇವನ ಕಿವಿ ಉಳಿಯುತ್ತೆ. ಒಂದು ದಿನ ನಾನು ಹೇಳಬೇಕಾದ್ದನ್ನ ಇವನು ತನ್ನ ಕಿವಿಯಲ್ಲೇ ಕೇಳಿಸ್ಕೊಳ್ತಾನೆ.*

ಕೆಲಸ ಮಾಡುತ್ತ ಯಾವಾಗಲೂ ಶಿಳ್ಳೆ ಹಾಕುತ್ತಿದ್ದವನು ಅದನ್ನು ನಿಲ್ಲಿಸಿದ್ದ. ಅವಳು ಗಮನಿಸಲಿಲ್ಲ. ಮೆಟ್ಟಿಲ ಮೇಲೆ ಕೂರುವಾಗ ಯಾವಾಗಲೂ ಅವಳ ಮುಖದ ಮೇಲೆ ಬೆಳಕು ಬೀಳುವ ಕಡೆ ನೋಡಿ ಕೂರುತ್ತಿದ್ದ. ಅದಕ್ಕೆ ಅವಳು ಬೇರೆಯೇ ಅರ್ಥ ಮಾಡಿಕೊಂಡು ನಾಚಿದಳು. ಚಿಕ್ಕಮ್ಮನ ಜೋಕಿಗೆ ಎಲ್ಲರಿಗಿಂತ ಚೂರು ತಡವಾಗಿ ನಗುತ್ತಿದ್ದ. ಕಿವಿಯ ಬಗ್ಗೆ ಅಷ್ಟೆಲ್ಲ ಓದಿದವಳಿಗೆ ಇದೊಂದೂ ಕಾಣಲಿಲ್ಲ. ಕಾಣುವುದು ಅವಳಿಗೇ ಬೇಕಿರಲಿಲ್ಲ.

*

ಅಧ್ಯಯನದ ಫಲಿತಾಂಶವನ್ನು ಹೊರಗಿನ ತಜ್ಞರ ಮುಂದಿಡುವ ದಿನ ಹತ್ತಿರ ಬಂತು. ಅವಳ ವಿಭಾಗದ ಮುಖ್ಯಸ್ಥರು ಶಿಸ್ತಿನ ಮನುಷ್ಯ.

"ಎಲ್ಲ ರೋಗಿಗಳನ್ನೂ ಇನ್ನೊಬ್ಬರ ಕೈಯಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿ," ಎಂದರು. "ನಿಮ್ಮ ಮೇಲೆ ಅನುಮಾನ ಅಲ್ಲ. ನಾಳೆ ಯಾರೂ ಬೆರಳು ತೋರಿಸಬಾರದು, ಅಷ್ಟೇ."

ಅವನ ಸರದಿ ಬಂದಾಗ ಯಂತ್ರದ ಮುಂದೆ ಚಿಕ್ಕಮ್ಮ ಕುಳಿತರು. ಅವರು ನಿಯಮದಂತೆ ಕುರ್ಚಿಯನ್ನು ಗೋಡೆಗೆ ತಿರುಗಿಸಿದರು. ಅವಳು ಪಕ್ಕದ ಕೋಣೆಯಲ್ಲಿ ಭಾಷಣ ತಿದ್ದುತ್ತಿದ್ದಳು.

ಸ್ವಲ್ಪ ಹೊತ್ತಿಗೆ ಚಿಕ್ಕಮ್ಮ ಬಾಗಿಲಲ್ಲಿ ನಿಂತರು. ಮುಖದಲ್ಲಿ ನಗುವಿರಲಿಲ್ಲ.

"ಬಾ ಇಲ್ಲಿ."

"ಏನಾಯ್ತು?"

"ದೀಪಾನೇ ಹೊತ್ತುತ್ತಿಲ್ಲ."

"ಯಂತ್ರ ಕೆಟ್ಟಿರಬೇಕು."

ಅವಳು ಹೆಡ್‌ಫೋನನ್ನು ತನ್ನ ಕಿವಿಗೇ ಇಟ್ಟು ನೋಡಿದಳು. ಎಲ್ಲ ಸದ್ದೂ ಸ್ಪಷ್ಟವಾಗಿ ಕೇಳಿಸಿತು. ಹಾಗಾದರೆ ಇವರೇ ಏನೋ ತಪ್ಪು ಮಾಡಿದ್ದಾರೆ... ಅವಳು ಒಳಗೆ ಹೋಗಿ ಕುರ್ಚಿ ತನ್ನ ಕಡೆ ತಿರುಗಿಸಿದಳು. ಅವನು ಅವಳನ್ನು ನೋಡಿ ನಕ್ಕ. ಯಾಕೋ ಆ ನಗು ಬಿಳುಚಿಕೊಂಡಿತ್ತು.

ಈಚೆ ಬಂದು ಅವಳು ಗುಂಡಿ ಒತ್ತಿದಳು. ಹಸಿರು ದೀಪ.

ಮತ್ತೆ ಒತ್ತಿದಳು. ಹಸಿರು ದೀಪ.

"ನೋಡಿದ್ರಾ ಚಿಕ್ಕಮ್ಮ? ಕೇಳಿಸ್ತಿದೆ!"

ಮೂರನೆಯ ಸಲ ಉಸಿರೆಳೆದು ಬೆರಳನ್ನು ಗುಂಡಿಯ ಮೇಲಿಟ್ಟಳು. ಅಷ್ಟರಲ್ಲಿ ಮೇಜಿನ ಫೋನು ರಿಂಗಾಯಿತು. ಬೆರಳು ತಡೆಯಿತು. ಅವಳು ಒತ್ತಲೇ ಇಲ್ಲ.

ಆದರೂ... ಹಸಿರು ದೀಪ ಹೊತ್ತಿಕೊಂಡಿತು!

ಫೋನು ಬಡಿದುಕೊಳ್ಳುತ್ತಲೇ ಇತ್ತು. ಎರಡೂ ಕೈಗಳನ್ನು ಮಡಿಲಿಗೆ ತಂದುಕೊಂಡು ಯಂತ್ರದಿಂದ ದೂರ ಸರಿದಳು. ಗಾಜಿನಾಚೆ ಅವನ ಕಣ್ಣು ಅವಳ ಮೇಲೇ ಇತ್ತು. ಅವಳ ಮುಖದ ಮೇಲೂ ಅಲ್ಲ, ಅದಕ್ಕಿಂತ ಚೂರು ಕೆಳಗೆ, ಕೊರಳಿನ ಕುಳಿಯ ಮೇಲೆ.

ಅವಳು ಮೆಲ್ಲಗೆ ಒಂದು ಉಸಿರೆಳೆದಳು. ಅಷ್ಟೇ.

ಹಸಿರು ದೀಪ.

ಇನ್ನೊಂದು ಉಸಿರು. ಹಸಿರು ದೀಪ.

ಅವಳ ಕಣ್ಣು ತುಂಬಿ ದೀಪ ಕಲಸಿಹೋಯಿತು. ಅವನು ಕೇಳುತ್ತಿರಲಿಲ್ಲ. ಎಷ್ಟೋ ತಿಂಗಳಿಂದ ಕೇಳುತ್ತಲೇ ಇರಲಿಲ್ಲ... ಗುಂಡಿ ಒತ್ತುವ ಮುಂಚೆ ಅವಳು ಉಸಿರೆಳೆಯುತ್ತಾಳೆ. ಅದನ್ನು ನೋಡಿ ಅವನು ಒತ್ತುತ್ತಿದ್ದ!

*

"ಯಾವಾಗಿಂದ?"

ಕುರ್ಚಿಯ ಮುಂದೆ ನಿಂತು ಅವಳು ಕೇಳಿದಳು. ಸ್ವರ ನಡುಗುತ್ತಿತ್ತು. ನಡುಗಿದ್ದು ಅವನಿಗೆ ಕೇಳಿಸುವುದಿಲ್ಲ ಎಂಬುದು ನೆನಪಾಗಿ ಇನ್ನಷ್ಟು ಸಿಟ್ಟು ಬಂತು.

ಅವನು ಅವಳ ತುಟಿಗಳನ್ನು ನೋಡಿದ. "ಮಳೆಗಾಲದಲ್ಲಿ ಶುರುವಾಯ್ತು. ಚಳಿಗಾಲಕ್ಕೆ... ಮುಗೀತು."

"ಯಾಕೆ ಹೇಳ್ಲಿಲ್ಲ?"

"ಮೊದಲ ಸಲ ಹಾಗೇ ಆಗೋಯ್ತು ಡಾಕ್ಟರಮ್ಮ. ನೀವು ಉಸಿರೆಳೆದ್ರಿ, ಸದ್ದು ಬಂದಿರುತ್ತೆ ಅಂತ ಒತ್ತಿದೆ. ನಿಮ್ಮ ಮುಖ..." ಅವನು ಮಾತಿಗಾಗಿ ತಡಕಾಡಿದ. "ಆಮೇಲೆ ಬಿಡೋಕಾಗ್ಲಿಲ್ಲ. ಎಲ್ಲದಕ್ಕೂ ಒತ್ತಿದ್ರೆ ನಿಮಗೆ ಗೊತ್ತಾಗುತ್ತೆ ಅಂತ ಕೆಲವು ಬಿಟ್ಟೆ. ನೀವು ಆಸೆಯಿಂದ ನೋಡಿದ ಕಡೆ ಒತ್ತಿದೆ."

ಆಸೆಯಿಂದ ನೋಡಿದ ಕಡೆ! ಅಂದರೆ ಅವಳು ಗೋಡೆಗೆ ಅಂಟಿಸಿಕೊಂಡು ದಿನಾ ನೋಡುತ್ತಿದ್ದ ಆ ಚೆಂದದ ಗೆರೆ ಅವನ ಕಿವಿಯದ್ದಲ್ಲ. ಅವಳ ಆಸೆಯದ್ದೇ.

ಆಗ ಅವಳು ಆಡಬಾರದ ಮಾತು ಆಡಿದಳು.

"ನನ್ನ ಮೂರು ವರ್ಷದ ಕೆಲಸ ಮಣ್ಣುಪಾಲು ಮಾಡಿದ್ರಿ! ಇಷ್ಟು ದಿನ ನನ್ನನ್ನ ಮೂರ್ಖಳನ್ನಾಗಿ ಮಾಡಿದ್ರಿ!"

ಅವನು ಅದನ್ನು ಅವಳ ತುಟಿಗಳಿಂದ ಪೂರ್ತಿ ಓದಿದ. ಒಂದಕ್ಷರವೂ ತಪ್ಪಲಿಲ್ಲ. ಹೆಡ್‌ಫೋನನ್ನು ಜೋಪಾನವಾಗಿ ಮೊಳೆಗೆ ನೇತುಹಾಕಿದ. ಗುಂಡಿಯನ್ನು ಕುರ್ಚಿಯ ಮೇಲಿಟ್ಟ.

"ಕೆಲಸಾನಾ..." ಎಂದ, ತನಗೆ ತಾನೇ. ಸ್ವರ ಎಷ್ಟಿರಬೇಕು ಎಂದು ತಿಳಿಯದೆ ಅದು ಬೇಕಾದ್ದಕ್ಕಿಂತ ಜೋರಾಗಿ ಬಂತು. "ನಾನು ಇನ್ನೇನೋ ಅಂದ್ಕೊಂಡಿದ್ದೆ. ತಪ್ಪು ನಂದೇ."

ಅವಳು ಹಿಂದಿನಿಂದ ಕರೆದಳು. ಒಮ್ಮೆ, ಎರಡು ಸಲ, ಕಿರುಚಿದಳು ಕೂಡ. ಅವನು ಬೆನ್ನು ತಿರುಗಿಸಿ ನಡೆಯುತ್ತಿದ್ದ. ಬೆನ್ನು ತಿರುಗಿಸಿದ ಮೇಲೆ ಅವನಿಗೆ ಅವಳು ಇರಲೇ ಇಲ್ಲ.

*

ಮುಖ್ಯಸ್ಥರ ಮುಂದೆ ಅವಳು ಏನನ್ನೂ ಮುಚ್ಚಿಡಲಿಲ್ಲ.

"ಕುರ್ಚಿ ತಿರುಗಿಸಿದ್ದು ನಾನು ಸರ್."

ಅವರು ಕನ್ನಡಕ ತೆಗೆದು ಮೂಗು ಒತ್ತಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

"ಅವನ ಗೆರೆ ಇಳಿದ ತಿಂಗಳೇ ಚುಚ್ಚುಮದ್ದು ಸಿಕ್ಕಿದ್ದರೆ?" ಎಂದರು.

"ಅರ್ಧವಾದ್ರೂ ಉಳೀತಿತ್ತೇನೋ. ಅಥವಾ ಉಳೀತಿರ್ಲಿಲ್ಲವೇನೋ. ಹೇಳೋಕಾಗಲ್ಲ ಸರ್."

"ಅದನ್ನೇ ನಾನೂ ಯೋಚಿಸ್ತಿದ್ದೀನಿ. ಅದು ಇನ್ಮೇಲೆ ಯಾವತ್ತೂ ಗೊತ್ತಾಗಲ್ಲ."

ರೋಗಿಗಳನ್ನು ಪರೀಕ್ಷಿಸುವ ಕೆಲಸದಿಂದ ಅವಳನ್ನು ತೆಗೆದರು. ಅವನ ಗೆರೆಯನ್ನು ಅಧ್ಯಯನದಿಂದ ಅಳಿಸಿದರು. ಅದೊಂದು ಹೋದ ಮೇಲೆ ಉಳಿದದ್ದರಲ್ಲಿ ಮಾತ್ರೆ ಅಂಥ ಪವಾಡವನ್ನೇನೂ ಮಾಡಿರಲಿಲ್ಲ. ಕೆಲವರಿಗೆ ಚೂರು ಉಪಯೋಗ, ಹಲವರಿಗೆ ಏನೂ ಇಲ್ಲ. ಸಂಶೋಧನೆ ಎನ್ನುವುದು ಬಹಳ ಸಲ ಹೀಗೇ ಮುಗಿಯುತ್ತದೆ.

ಬೇರೆ ಕಟ್ಟಡದಲ್ಲಿ ಅವನಿಗೆ ಚುಚ್ಚುಮದ್ದು ಕೊಟ್ಟರು. ಪ್ರತಿ ಸಲವೂ ಅವಳು ಹೊರಗಿನ ಬೆಂಚಿನಲ್ಲಿ ಕುಳಿತಿದ್ದಳು. ಅವನು ತಲೆ ತಗ್ಗಿಸಿಕೊಂಡು ಹೋದ, ತಲೆ ತಗ್ಗಿಸಿಕೊಂಡು ಬಂದ. ಕಡೆಯ ಚುಚ್ಚುಮದ್ದಿನ ದಿನ ಅಲ್ಲಿನ ಡಾಕ್ಟರು ಅವಳನ್ನು ನೋಡಿ ಸುಮ್ಮನೆ ತಲೆಯಾಡಿಸಿದರು.

ಕಿವಿ ಮರಳಲಿಲ್ಲ.

ಅವಳು ಅವನ ಫೋನಿಗೆ ಸಂದೇಶ ಕಳಿಸಿದಳು. 'ಒಂದು ಸಲ ಮಾತಾಡೋಣ.' ಉತ್ತರ ಬಂತು: 'ಮಾತಾಡಿ ಏನು ಮಾಡೋದು ಡಾಕ್ಟರಮ್ಮ, ನಿಮಗೂ ತ್ರಾಸ.' ಆಮೇಲೆ ಅದೂ ನಿಂತಿತು. ಆಸ್ಪತ್ರೆಯ ಲಿಫ್ಟಿಗೆ ಬೇರೊಬ್ಬ ಮೆಕ್ಯಾನಿಕ್ ಬಂದ. ಅವನು ಲಿಫ್ಟಿಗೆ ಕಿವಿ ಕೊಡುತ್ತಿರಲಿಲ್ಲ. ಸ್ಪ್ಯಾನರಿನಿಂದ ಕುಟ್ಟುತ್ತಿದ್ದ.

ಅವಳು ಮೆಟ್ಟಿಲು ಹತ್ತಿ ಓಡಾಡುವುದನ್ನು ರೂಢಿ ಮಾಡಿಕೊಂಡಳು.

*

ಒಂದು ರಜೆಯ ಬೆಳಿಗ್ಗೆ ಅಡುಗೆಮನೆಯಲ್ಲಿ ಅವಳ ಅಪ್ಪ ಆಲೂಗಡ್ಡೆ ಸಿಪ್ಪೆ ಸುಲಿಯುತ್ತಿದ್ದರು. ಬಟ್ಟೆ ಗಿರಣಿಯ ಮಗ್ಗಗಳ ನಡುವೆ ಇಡೀ ಯೌವನ ಕಳೆದವರು, ಕಿವಿಗಳನ್ನು ಅಲ್ಲೇ ಬಿಟ್ಟು ಬಂದಿದ್ದರು. ಮಗಳು ಕಿವಿಯ ಸಂಶೋಧಕಿ. ಅಪ್ಪ ಕಿವಿಗೆ ಯಂತ್ರ ಹಾಕಿಕೊಳ್ಳಲು ಒಪ್ಪದ ಹಠಮಾರಿ. "ಇರೋ ಗಲಾಟೆ ಸಾಲದಾ" ಎನ್ನುವರು. ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ಇಬ್ಬರೇ.

ಅವಳು ಸಿಂಕಿನ ಮುಂದೆ ನಿಂತು ತನ್ನಷ್ಟಕ್ಕೆ ಗೊಣಗುತ್ತಿದ್ದಳು. "ಒಂದು ಮಾತು ಹೇಳಿದ್ರೆ ಏನಾಗ್ತಿತ್ತು ಇವನಿಗೆ... ಒಂದೇ ಒಂದು ಮಾತು..."

"ಬಾಯಿ ಅಲ್ಲಾಡ್ತಿದೆ, ಸರಕೇನೂ ಬರ್ತಿಲ್ಲ," ಎಂದರು ಅಪ್ಪ. "ಹೇಳೋದಾದ್ರೆ ಜೋರಾಗಿ ಹೇಳು."

ಅವಳು ಅಪ್ಪನ ಕಡೆ ತಿರುಗಿ ಎದೆ ತುಂಬ ಉಸಿರೆಳೆದಳು.

"ಹಾಂ, ಈಗ ಬಂತು ನೋಡು," ಎಂದು ಅಪ್ಪ ಚಾಕು ಕೆಳಗಿಟ್ಟು ಅವಳ ಕಡೆ ನೋಡಿದರು.

ಅವಳ ಉಸಿರು ಅಲ್ಲೇ ನಿಂತಿತು.

"ಏನು ಬಂತು? ನಾನಿನ್ನೂ ಏನೂ ಹೇಳಿಲ್ಲ ಅಪ್ಪ!"

"ಗೊತ್ತಾಗಲ್ವಾ? ಮೂರು ವರ್ಷದವಳಿದ್ದಾಗಿಂದ ನೋಡ್ತಿದ್ದೀನಿ. ನನ್ನ ಹತ್ರ ಮಾತಾಡೋ ಮುಂಚೆ ಬಲೂನಿನ ಹಾಗೆ ಉಬ್ಬುತ್ತೀಯ. ನಂಗೆ ಅದೇ ಕರೆಗಂಟೆ."

ಅವಳು ನೆಲದ ಮೇಲೆ ಕುಸಿದು ಕುಳಿತಳು. ಆ ಉಸಿರು... ಕಿವುಡ ಅಪ್ಪನ ಜೊತೆ ಮಾತಾಡಿ ಮಾತಾಡಿ ಬಂದ ಉಸಿರು. ಕೇಳಿಸದವರಿಗೆ ಕೇಳಿಸಬೇಕು ಎಂಬ ಹಂಬಲದ ಉಸಿರು. ಅದೇ ಅವನನ್ನು ಮುಳುಗಿಸಿತು!

ಅವಳು ಅತ್ತಳು. ಅಳುತ್ತ ಅಳುತ್ತ ಎಲ್ಲ ಹೇಳಿದಳು, ಕೂಗಿ ಕೂಗಿ, ಪಕ್ಕದ ಮನೆಗೂ ಕೇಳಿಸುವಷ್ಟು ಜೋರಾಗಿ. ಅಪ್ಪನ ಜೊತೆ ಗುಟ್ಟಾಗಿ ಅಳುವುದು ಆಗದ ಮಾತು.

ಅಪ್ಪ ಇನ್ನೊಂದು ಆಲೂಗಡ್ಡೆ ಕೈಗೆತ್ತಿಕೊಂಡರು.

"ನಿನ್ನಮ್ಮ ಸಂಜೆ ಹೊತ್ತು ಊರ ಸುದ್ದಿ ಎಲ್ಲ ಹೇಳ್ತಿದ್ಳಲ್ಲ," ಎಂದರು. "ಅದರಲ್ಲಿ ಅರ್ಧಕ್ಕರ್ಧ ನಂಗೆ ಕೇಳಿಸ್ತಾನೇ ಇರ್ಲಿಲ್ಲ."

"ಏನು? ನೀನು ತಲೆ ಆಡಿಸ್ತಿದ್ದೆ, ನಗ್ತಿದ್ದೆ!"

"ನಗ್ತಿದ್ದೆ. ಅವಳ ಮುಖ ನೋಡಿ ಎಲ್ಲಿ ನಗಬೇಕೋ ಅಲ್ಲಿ ನಗ್ತಿದ್ದೆ." ಅಪ್ಪ ಒಂದು ಸಿಪ್ಪೆಯನ್ನು ಬೆರಳಿಗೆ ಸುತ್ತಿಕೊಂಡರು. "ಕೇಳಿಸ್ಲಿಲ್ಲ, ಕೇಳಿಸ್ಲಿಲ್ಲ ಅಂತ ಎಷ್ಟು ಸಲ ಹೇಳೋದು ಮಗಳೇ? ಎರಡು ಸಲ ಹೇಳ್ತಾರೆ. ಮೂರನೇ ಸಲ 'ಬಿಡಿ, ಏನಿಲ್ಲ' ಅಂತಾರೆ. ಆ 'ಏನಿಲ್ಲ' ಇದೆಯಲ್ಲ... ಅವಳು ಮಾತು ನಿಲ್ಲಿಸಿಬಿಡ್ತಾಳೆ ಅಂತ ನಂಗೆ ಭಯ. ಕೊನೇವರೆಗೂ ಹೇಳ್ಲಿಲ್ಲ. ಹೋಗೋ ದಿನ ಅವಳು ಏನೋ ಹೇಳಿದ್ಳು. ಅದಕ್ಕೂ ತಲೆ ಆಡಿಸ್ದೆ."

"ಏನು ಹೇಳಿದ್ಳು ಅಮ್ಮ?"

"ಅದನ್ನೇ ಹೇಳ್ತಿದ್ದೀನಲ್ಲ," ಎಂದರು ಅಪ್ಪ. "ಗೊತ್ತಿಲ್ಲ."

ಕುಕ್ಕರು ಕೂಗಿತು. ಅಪ್ಪ ಅಲ್ಲಾಡಲಿಲ್ಲ. ಅವಳೇ ಎದ್ದು ಹೋಗಿ ಒಲೆ ಆರಿಸಿದಳು.

*

ಲಿಫ್ಟ್ ಕಂಪನಿಯ ವರ್ಕ್‌ಶಾಪು ಊರಿನ ಹೊರವಲಯದ ದೊಡ್ಡ ಶೆಡ್ಡು. ಅಲ್ಲಿ ಹತ್ತಾರು ಮೋಟರುಗಳು ಒಟ್ಟಿಗೇ ಗರ್ಜಿಸುತ್ತಿದ್ದವು. ಯಾರ ಮಾತೂ ಯಾರಿಗೂ ಕೇಳಿಸದ ಜಾಗ. ಕಿವಿ ಹೋದವನನ್ನು ಕಂಪನಿ ಅಲ್ಲಿಗೆ ಹಾಕಿತ್ತು. ಅವನು ಒಂದು ಮೋಟರಿನ ಮೇಲೆ ಅಂಗೈ ಊರಿ ಕಣ್ಣು ಮುಚ್ಚಿ ನಿಂತಿದ್ದ. ಕಿವಿಗೆ ಬರುತ್ತಿದ್ದದ್ದನ್ನು ಕೈಯಿಂದ ಹಿಡಿಯಲು ಕಲಿಯುತ್ತಿದ್ದ.

ಅವಳು ಅವನ ಹಿಂದೆ ನಿಂತಳು. ಕರೆಯಲು ಬಾಯಿ ತೆರೆದು ಮುಚ್ಚಿದಳು. ಸುತ್ತಿ ಹೋಗಿ ಅವನ ಎದುರಿಗೆ, ಕಿಟಕಿಯ ಬೆಳಕು ತನ್ನ ಮುಖದ ಮೇಲೆ ಬೀಳುವ ಹಾಗೆ ನಿಂತಳು. ಕಾದಳು.

ಅವನು ಕಣ್ಣು ತೆರೆದ.

ಕೈ ಒರೆಸಿಕೊಂಡು ಹೊರಗಿನ ಕಟ್ಟೆಯ ಕಡೆ ತೋರಿಸಿದ.

"ಲಿಫ್ಟು ಕೆಟ್ಟಿದ್ಯಾ?" ಎಂದ, ಕುಳಿತ ಮೇಲೆ.

"ನಾನು ಕೆಟ್ಟಿದ್ದೀನಿ."

ಅವನ ತುಟಿಯ ಅಂಚು ಚೂರು ಅಲ್ಲಾಡಿತು. ಆದರೆ ನಗಲಿಲ್ಲ.

"ಅವತ್ತು ನಾನು ಕೆಲಸ ಅಂದೆ," ಎಂದಳು ಅವಳು, ನಿಧಾನವಾಗಿ, ಮುಖ ನೇರ ಇಟ್ಟುಕೊಂಡು. "ಅಂದದ್ದು ನಿಜ. ಮೊದಲು ಬಾಯಿಗೆ ಬಂದದ್ದು ಅದೇ. ಅದಕ್ಕೆ ನಾಚಿಕೆ ಆಗುತ್ತೆ. ಕುರ್ಚಿ ತಿರುಗಿಸಿದ್ದು ನಾನು. ನಿಮ್ಮ ಮುಖ ನೋಡಬೇಕು ಅಂತ. ನಿಯಮ ಯಾಕಿದೆ ಅಂತ ಗೊತ್ತಿದ್ದೂ ತಿರುಗಿಸಿದೆ."

"ಒತ್ತಿದ್ದು ನಾನು."

"ಹೌದು. ಒತ್ತಿದ್ದು ನೀವು. ಅದಕ್ಕೆ ನಂಗೆ ಇನ್ನೂ ಸಿಟ್ಟಿದೆ."

"ನಂಗೂ ಇದೆ," ಎಂದ ಅವನು. "ಬೆಳಿಗ್ಗೆ ಎದ್ದ ಕೂಡಲೇ ಇರುತ್ತೆ. ಒಂದು ಕ್ಷಣ ಮರೆತಿರ್ತೀನಿ, ಮನೇಲಿ ನಮ್ಮಕ್ಕ ಪಾತ್ರೆ ತೊಳೀತಿರೋದು ಕಾಣಿಸುತ್ತೆ, ಸದ್ದಿಲ್ಲ... ಆಗ ನೆನಪಾಗುತ್ತೆ." ಅವನು ಕೈಗಳನ್ನು ನೋಡಿಕೊಂಡ. "ಇಳಿದ್ರೆ ಬೇರೆ ಕಟ್ಟಡಕ್ಕೆ ಕಳಿಸ್ತೀರಿ ಅಂತ ಹೇಳಿದ್ರಿ. ಕಿವಿ ಹೆಂಗೂ ಹೋಗುತ್ತೆ, ಅದರ ಜೊತೆ ನೀವೂ ಯಾಕೆ ಹೋಗ್ಬೇಕು ಅಂತ... ಪೆದ್ದ ಲೆಕ್ಕ."

ಅವಳು ಕೈ ಚಾಚಿ ಅವನ ಗ್ರೀಸು ಮೆತ್ತಿದ ಕೈ ಹಿಡಿದಳು. ಅವನು ಬಿಡಿಸಿಕೊಳ್ಳಲಿಲ್ಲ.

"ಕಿವಿಯೊಳಗೆ ಇಂಪ್ಲಾಂಟ್ ಯಂತ್ರ ಹಾಕಿಸೋ ಪಟ್ಟಿಯಲ್ಲಿ ನಿಮ್ಮ ಹೆಸರಿದೆ ಅಂತ ಚಿಕ್ಕಮ್ಮ ಹೇಳಿದ್ರು," ಎಂದಳು.

"ಹಾಕಿದ್ರೆ ಮೊದಲಿನ ಹಾಗೆ ಕೇಳುತ್ತಾ?"

ಇಲ್ಲಿ ಒಂದು ಸುಳ್ಳು ಹೇಳುವುದು ಎಷ್ಟು ಸುಲಭವಿತ್ತು! ಅವನು ಅವಳ ಮುಖದಲ್ಲಿ ಆಸೆ ಹುಡುಕುತ್ತಿದ್ದ.

"ಇಲ್ಲ. ಡಬ್ಬಿಯೊಳಗಿಂದ ಯಾರೋ ಮಾತಾಡಿದ ಹಾಗೆ ಕೇಳುತ್ತೆ. ಕಲಿಯೋಕೆ ಬಹಳ ದಿನ ಬೇಕು. ಹಗ್ಗದ ಗುಯ್‌ಗುಡೋ ಸದ್ದು... ಅದು ಬರಲ್ಲ. ನನ್ನ ಸ್ವರಾನೂ ನನ್ನದರ ಹಾಗಿರಲ್ಲ."

ಅವನು ತಲೆಯಾಡಿಸಿದ. ಕಣ್ಣುಗಳು ಒದ್ದೆಯಾಗಿದ್ದವು.

"ನಿಮ್ಮ ಸ್ವರ ನಂಗೆ ನೆನಪಿದೆ," ಎಂದ. "ಲಿಫ್ಟೊಳಗಿಂದ ಬೈದಿದ್ರಲ್ಲ. ಅದನ್ನೇ ಇಟ್ಕೊಂಡಿದ್ದೀನಿ."

ಅವಳು ಅಳುತ್ತಲೇ ನಕ್ಕಳು. "ಅದನ್ನೇ ಯಾಕೆ! ಒಳ್ಳೇದೊಂದೂ ಹೇಳಿಲ್ವಾ ನಾನು?"

"ಅದೇ ಎಲ್ಲಕ್ಕಿಂತ ಜೋರಾಗಿತ್ತು."

ಶೆಡ್ಡಿನೊಳಗೆ ಮೋಟರುಗಳೆಲ್ಲ ಒಮ್ಮೆಗೇ ನಿಂತವು. ಅದು ಅವಳಿಗೆ ಮಾತ್ರ ಗೊತ್ತಾಯಿತು. ಆ ಮೌನದಲ್ಲಿ ಅವಳು ಹೇಳಿದಳು:

"ಒಂದು ಮಾತು ಕೊಡ್ತೀರಾ? ಇನ್ಮೇಲೆ ಕೇಳಿಸದಿದ್ರೆ ಕೇಳಿಸ್ಲಿಲ್ಲ ಅನ್ಬೇಕು. ಎಷ್ಟು ಸಲ ಆದ್ರೂ ಸರಿ. ನಾನು 'ಬಿಡಿ, ಏನಿಲ್ಲ' ಅನ್ನಲ್ಲ. ಯಾವತ್ತೂ ಅನ್ನಲ್ಲ."

ಅವನು ಅವಳ ಮುಖ ನೋಡಿದ. ಹೂಂಗುಟ್ಟಿದ.

ಅವಳು ಎದೆ ತುಂಬ ಉಸಿರೆಳೆದಳು.

ಅವನ ಹೆಬ್ಬೆರಳು, ರೂಢಿಯಂತೆ, ಅವಳ ಅಂಗೈಯನ್ನು ಒತ್ತಿತು. ಇಲ್ಲದ ಗುಂಡಿಯನ್ನು ಒತ್ತಿದ ಹಾಗೆ. ತಕ್ಷಣ ಅವನೇ ಬೆಚ್ಚಿ ಬೆರಳು ತೆಗೆದ.

"ಅಭ್ಯಾಸ," ಎಂದ, ತಪ್ಪು ಮಾಡಿದವನಂತೆ.

"ಇನ್ನೂ ಹೇಳಿಲ್ಲ ನಾನು."

"ಗೊತ್ತು. ಹೇಳಿ."

"ನಂಗೆ ನೀವು ಬೇಕು," ಎಂದಳು ಅವಳು. "ಕಿವಿ ಇದ್ದ ನೀವಲ್ಲ. ಗೆರೆ ಚೆನ್ನಾಗಿದ್ದ ನೀವಲ್ಲ. ಇಲ್ಲಿ ಕೂತಿರೋ ನೀವು."

ಅವನು ಅಲ್ಲಾಡದೆ ಕುಳಿತಿದ್ದ. ಅವಳಿಗೆ ಭಯವಾಯಿತು.

"ಅರ್ಥ ಆಯ್ತಾ?"

"ಆಯ್ತು," ಎಂದ ಅವನು. "ಆದ್ರೆ... ಕೇಳಿಸ್ಲಿಲ್ಲ."

ಅವನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು.

ಅವಳು ಅವನ ಅಂಗೈಯನ್ನು ಎತ್ತಿ ತನ್ನ ಕೊರಳಿನ ಮೇಲೆ, ಸ್ವರ ಹುಟ್ಟುವ ಜಾಗದಲ್ಲಿ, ಒತ್ತಿ ಹಿಡಿದಳು.

"ಇನ್ನೊಂದ್ಸಲ ಹೇಳ್ತೀನಿ," ಎಂದಳು.